ಸೋಲಾರ್ ಹಾಕಿಸಿದರೆ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಸೊನ್ನೆಯಾಗುತ್ತದೆಯೇ?

"ಟೆರೇಸ್ ಮೇಲೆ ಸೋಲಾರ್ ಹಾಕಿಸೋಣ, ಬರುವ ದುಡ್ಡಲ್ಲೇ ಮೇಂಟೆನೆನ್ಸ್ ಮುಗಿದುಹೋಗುತ್ತದೆ." ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಸಭೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಲಕ್ಷಗಟ್ಟಲೆ ಹಣ ಹಾಕುವ ಮೊದಲು ಇದರಲ್ಲಿ ಎಷ್ಟು ನಿಜವಿದೆ ಎಂದು ಲೆಕ್ಕ ಹಾಕಿ ನೋಡೋಣ.

ದುಡ್ಡು ಎಲ್ಲಿಂದ ಬರುತ್ತದೆ?

ಲಿಫ್ಟ್, ನೀರಿನ ಪಂಪ್, ಕೊಳಚೆ ನೀರು ಸಂಸ್ಕರಣಾ ಘಟಕ, ಮೆಟ್ಟಿಲಿನ ದೀಪ ಇವೆಲ್ಲ ಓಡುವುದು ಸಂಘದ ಸಾಮಾನ್ಯ ವಿದ್ಯುತ್ ಸಂಪರ್ಕದಿಂದ. ಸೋಲಾರನ್ನು ಜೋಡಿಸುವುದೂ ಇದಕ್ಕೇ. ಹಗಲಲ್ಲಿ ಬಳಸಿ ಮಿಕ್ಕ ವಿದ್ಯುತ್ ಬೆಸ್ಕಾಂ ಜಾಲಕ್ಕೆ ಹೋಗುತ್ತದೆ. ನೆಟ್ ಮೀಟರಿಂಗ್‌ನಲ್ಲಿ, ಜಾಲದಿಂದ ಪಡೆದ ಯೂನಿಟ್‌ಗಳಲ್ಲಿ ಇದನ್ನು ಕಳೆದು ಬಿಲ್ ಮಾಡುತ್ತಾರೆ. ಅದಕ್ಕೂ ಮೀರಿ ಉಳಿದ ಯೂನಿಟ್‌ಗೆ ಸಿಗುವ ದರ, ನಾವು ವಿದ್ಯುತ್ ಕೊಳ್ಳುವ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ನಿಜವಾದ ಲಾಭ ಇರುವುದು ಬಿಲ್ ಉಳಿತಾಯದಲ್ಲಿ.

ಒಂದು ಲೆಕ್ಕ

100 ಮನೆಗಳ ಅಪಾರ್ಟ್‌ಮೆಂಟ್ ಒಂದು 30 ಕಿಲೋವ್ಯಾಟ್ ಸೋಲಾರ್ ಹಾಕಿಸಿತು ಎಂದಿಟ್ಟುಕೊಳ್ಳಿ. ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿಯಂತೆ 3,000 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಟ್ಟರೆ ತಿಂಗಳಿಗೆ 3,600 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೆ ಉಳಿತಾಯ 25,200 ರೂಪಾಯಿ. ಅಂದರೆ ಮನೆಯೊಂದಕ್ಕೆ 252 ರೂಪಾಯಿ.

ಮೇಂಟೆನೆನ್ಸ್ 4,000 ರೂಪಾಯಿ ಇದ್ದರೆ ಇಳಿಯುವುದು ಶೇ. 6ರಷ್ಟು ಮಾತ್ರ. ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಸಂಬಳ, ಲಿಫ್ಟ್ ದುರಸ್ತಿ, ಟ್ಯಾಂಕರ್ ನೀರು ಇವುಗಳ ಖರ್ಚನ್ನು ಸೋಲಾರ್ ಮುಟ್ಟುವುದೇ ಇಲ್ಲ. ವಿದ್ಯುತ್ ಬಿಲ್‌ನ ನಿಗದಿತ ಶುಲ್ಕವೂ ಹಾಗೇ ಇರುತ್ತದೆ.

ಹಾಗಾದರೆ ಹಾಕಿಸುವುದು ದಂಡವೇ?

ಖಂಡಿತ ಇಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಮನೆಯೊಂದಕ್ಕೆ 3 ಕಿಲೋವ್ಯಾಟ್‌ನಂತೆ, ಒಟ್ಟು 500 ಕಿಲೋವ್ಯಾಟ್‌ವರೆಗೆ ಇದು ಅನ್ವಯ. ನಮ್ಮ ಉದಾಹರಣೆಯಲ್ಲಿ ವೆಚ್ಚ 15 ಲಕ್ಷ ಎಂದುಕೊಂಡರೆ, 5.4 ಲಕ್ಷ ಸಹಾಯಧನ ಕಳೆದು ಉಳಿಯುವುದು 9.6 ಲಕ್ಷ. ವರ್ಷಕ್ಕೆ ಸುಮಾರು 3 ಲಕ್ಷ ಉಳಿದರೆ, ಪ್ಯಾನಲ್ ತೊಳೆಯುವ ಖರ್ಚು ಸೇರಿದರೂ ನಾಲ್ಕು ವರ್ಷದೊಳಗೆ ಹಾಕಿದ ಹಣ ವಾಪಸ್. ಪ್ಯಾನಲ್‌ಗಳು 25 ವರ್ಷದ ತನಕ ಬಾಳುತ್ತವೆ. ಇನ್ವರ್ಟರನ್ನು ಮಾತ್ರ ನಡುವೆ ಒಮ್ಮೆ ಬದಲಿಸಬೇಕಾಗಬಹುದು.

ಸಭೆಗೆ ಹೋಗುವ ಮುನ್ನ

* ಕಳೆದ 12 ತಿಂಗಳ ಸಾಮಾನ್ಯ ಬಿಲ್ ತೆಗೆದು ನೋಡಿ. ಸೋಲಾರ್ ಗಾತ್ರ ಆ ಬಳಕೆಗೆ ತಕ್ಕಂತಿರಲಿ.
* ಕರೆಂಟ್ ಹೋದಾಗ ಜಾಲಕ್ಕೆ ಜೋಡಿಸಿದ ಸೋಲಾರ್ ಕೂಡ ನಿಲ್ಲುತ್ತದೆ. ಲೈನ್‌ಮನ್‌ಗಳ ಸುರಕ್ಷತೆಗೆ ಇರುವ ವ್ಯವಸ್ಥೆ ಇದು. ಆದ್ದರಿಂದ ಡೀಸೆಲ್ ಜನರೇಟರ್ ಖರ್ಚು ತಪ್ಪುವುದಿಲ್ಲ.
* ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಚಾವಣಿಯನ್ನು ಸಾಮಾನ್ಯ ಜಾಗವೆಂದು ಗುರುತಿಸುತ್ತದೆ. ನಿಮ್ಮ ಕಟ್ಟಡದ ಘೋಷಣಾ ಪತ್ರ ನೋಡಿಕೊಂಡು, ಎಲ್ಲ ಮಾಲೀಕರ ಸಭೆಯಲ್ಲಿ ತೀರ್ಮಾನಿಸಿ.

ಮೇಂಟೆನೆನ್ಸ್ ಸೊನ್ನೆಯಾಗುತ್ತದೆ ಎಂಬುದು ಸುಳ್ಳು. ಕಾಮನ್ ಕರೆಂಟ್ ಬಿಲ್ ಗಣನೀಯವಾಗಿ ಇಳಿಯುತ್ತದೆ ಎಂಬುದು ನಿಜ. ಇಷ್ಟನ್ನು ಮೊದಲೇ ಹೇಳಿಕೊಂಡರೆ ಆಮೇಲೆ ಯಾರಿಗೂ ಮೋಸಹೋದೆವು ಅನಿಸುವುದಿಲ್ಲ.