ಹಳೆಯ ಕಾರಿನ ಬ್ರೇಕಿಗೆ ಬೇರೆ ಕಾರಿನ ಭಾಗ

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು ತನ್ನ ನಾಡಿನಲ್ಲಿ ಕೆಲವೇ ವರ್ಷ ಬಾಳಿತು. ಆದರೆ ಅದರ ವಿನ್ಯಾಸವನ್ನು ಪಡೆದ ಹಿಂದುಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ಎಂಬ ಹೆಸರಿನಲ್ಲಿ 2014ರವರೆಗೂ ಅದನ್ನು ತಯಾರಿಸಿತು. ಹೊರಮೈ ಹೆಚ್ಚೇನೂ ಬದಲಾಗದಿದ್ದರೂ ಬ್ರೇಕು ಬದಲಾಯಿತು: ಮೊದಲ ಕಾರುಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಇದ್ದರೆ, ಕೊನೆಯ ಕಾಲದವುಗಳ ಮುಂಚಕ್ರಗಳಿಗೆ ಡಿಸ್ಕ್ ಬಂದಿತ್ತು. ಹೀಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಅಂಬಾಸಡರಿನ ಬ್ರೇಕ್ ಸಾಮಾನು ಬೇಕೆಂದರೆ ಸಾಲದು, ಯಾವ ವರ್ಷದ್ದು, ಯಾವ ಎಂಜಿನ್ನಿನದು ಎಂಬುದನ್ನೂ ಹೇಳಬೇಕಾಗುತ್ತದೆ.

ಒಂದು ಕಾರಿನ ಬ್ರೇಕ್ ಭಾಗ ಇನ್ನೊಂದಕ್ಕೆ ಕೂಡುವುದು ಆಕಸ್ಮಿಕವಲ್ಲ. ಕಾರು ತಯಾರಕರಲ್ಲಿ ಹಲವರು ಬ್ರೇಕನ್ನು ತಾವೇ ಮಾಡದೆ ಬ್ರಿಟನ್ನಿನಲ್ಲಿ ಗರ್ಲಿಂಗ್ ಅಥವಾ ಲಾಕ್‌ಹೀಡ್‌ನಂಥವರಿಂದ, ಭಾರತದಲ್ಲಿ 1962ರಲ್ಲಿ ಸ್ಥಾಪನೆಯಾದ ಬ್ರೇಕ್ಸ್ ಇಂಡಿಯಾದಂಥವರಿಂದ ಕೊಳ್ಳುತ್ತಿದ್ದರು. ಒಂದೇ ಎರಕದ ಭಾಗ ಹಲವು ಹೆಸರಿನ ಕಾರುಗಳೊಳಗೆ ಸೇರಿದ್ದು ಹಾಗೆ. ತೊಂದರೆ ಇರುವುದು ಕೂಡದ ಭಾಗಗಳಲ್ಲಲ್ಲ, ಕೂಡಿದಂತೆ ತೋರುವ ಭಾಗಗಳಲ್ಲಿ.

ಇದಕ್ಕೆ ಒಳ್ಳೆಯ ಉದಾಹರಣೆ ವೀಲ್ ಸಿಲಿಂಡರ್, ಅಂದರೆ ಡ್ರಮ್ಮಿನ ಒಳಗೆ ಕುಳಿತು ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳುವ ಪುಟ್ಟ ಕೊಳವೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡ ಎಲ್ಲೆಡೆಯೂ ಒಂದೇ ಆಗಿದ್ದರೂ ಶೂ ಮೇಲೆ ಬೀಳುವ ಬಲ ಪಿಸ್ಟನ್ನಿನ ವಿಸ್ತೀರ್ಣವನ್ನು ಅವಲಂಬಿಸಿರುತ್ತದೆ, ವಿಸ್ತೀರ್ಣವಾದರೋ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮುಕ್ಕಾಲು ಇಂಚಿನ ಸಿಲಿಂಡರ್ ಇದ್ದ ಕಡೆ ಅದರಂತೆಯೇ ಕಾಣುವ 7/8 ಇಂಚಿನದನ್ನು ಹಾಕಿದರೆ ವ್ಯಾಸದಲ್ಲಿ ಹೆಚ್ಚಿದ್ದು ಮೂರು ಮಿಲಿಮೀಟರಿನಷ್ಟು ಮಾತ್ರ, ಬಲದಲ್ಲಿ ಹೆಚ್ಚಿದ್ದು ಸುಮಾರು ಶೇ. 36. ಈ ಹೆಚ್ಚಳ ಹಿಂಚಕ್ರಗಳಲ್ಲಿ ಆದರೆ ಅವು ಮುಂಚಕ್ರಗಳಿಗಿಂತ ಮೊದಲೇ ಕಚ್ಚಿಕೊಂಡು ಮಳೆ ಬಿದ್ದ ರಸ್ತೆಯಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಒಂದೇ ಬದಿಯಲ್ಲಿ ಆದರೆ ಕಾರು ಆ ಬದಿಗೆ ಎಳೆಯುತ್ತದೆ. ಬೋಲ್ಟುಗಳು ಸರಿಯಾಗಿ ಕೂತಿವೆ ಎಂಬುದು ಇಲ್ಲಿ ಯಾವ ಸಮಾಧಾನವನ್ನೂ ಕೊಡಲಾರದು.

ಇಂಚು ಮತ್ತು ಮೆಟ್ರಿಕ್ ಅಳತೆಗಳ ಗೊಂದಲ ಇದಕ್ಕಿಂತ ಕಪಟದ್ದು. ಹಳೆಯ ಬ್ರಿಟಿಷ್ ಮಾದರಿಗಳ ಬ್ರೇಕ್ ಪೈಪಿನ ತುದಿಯಲ್ಲಿ ಸಾಮಾನ್ಯವಾಗಿ ಕಾಣುವ 3/8 ಇಂಚಿನ ನಟ್ಟಿನ ವ್ಯಾಸ 9.5 ಮಿ.ಮೀ.ನಷ್ಟು, ಮೆಟ್ರಿಕ್ ನಟ್ಟಿನದು 10 ಮಿ.ಮೀ.; ಅವುಗಳ ಸುತ್ತುಗಳ ನಡುವಣ ಅಂತರವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಇಂಚಿನ ನಟ್ಟು ಮೆಟ್ರಿಕ್ ರಂಧ್ರದಲ್ಲಿ ಬೆರಳಿನಿಂದಲೇ ಸಲೀಸಾಗಿ ತಿರುಗುತ್ತಾ ಹೋಗುತ್ತದೆ, ಆದರೆ ಸುತ್ತುಗಳು ಪರಸ್ಪರ ಅಂಚಿನಲ್ಲಿ ಮಾತ್ರ ತಗಲಿರುವುದರಿಂದ ಸ್ಪ್ಯಾನರ್ ಹಾಕಿ ಬಿಗಿ ಮಾಡುವಾಗಲೋ, ಜೋರಾಗಿ ಪೆಡಲ್ ಒತ್ತಿದಾಗಲೋ ಕಿತ್ತುಬರುವ ಸಂಭವವಿದೆ.

ಲೈನಿಂಗ್, ಅಂದರೆ ಶೂ ಮೇಲೆ ಅಂಟಿಸಿದ ಉಜ್ಜುವ ಪದರ, ಅಳತೆಯಲ್ಲಿ ಒಂದೇ ಆಗಿದ್ದೂ ಗುಣದಲ್ಲಿ ಬೇರೆಯಾಗಿರಬಹುದು. ಹಲವು ಲೈನಿಂಗ್‌ಗಳ ಅಂಚಿನಲ್ಲಿ ಅಚ್ಚಾಗಿರುವ ಎರಡು ಇಂಗ್ಲಿಷ್ ಅಕ್ಷರಗಳು ಇದನ್ನು ತಿಳಿಸುತ್ತವೆ: ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ ಎಷ್ಟು ಘರ್ಷಣೆ ಎಂಬುದನ್ನು ಸೂಚಿಸುತ್ತದೆ; ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45. ಕೊಳ್ಳುವವರಲ್ಲಿ ಇದನ್ನು ಓದಿ ನೋಡುವವರು ವಿರಳ. ಬ್ರೇಕ್ ಆಯಿಲ್‌ನಲ್ಲಿ ಡಾಟ್ 3 ಮತ್ತು ಡಾಟ್ 4 ಒಂದೇ ಜಾತಿಯವು, ಸಿಲಿಕೋನ್ ಆಧಾರಿತ ಡಾಟ್ 5 ಇವೆರಡರೊಡನೆ ಬೆರೆಯದು. ಎಂಜಿನ್ ಆಯಿಲ್ ತಪ್ಪಿ ಸೇರಿದರೆ ಒಳಗಿನ ರಬ್ಬರ್ ಕಪ್‌ಗಳು ಊದಿಕೊಳ್ಳುತ್ತವೆ.

ಅದೇ ಮಾದರಿಯ, ಅದೇ ವರ್ಷದ, ಪಟ್ಟಿಯ ಪ್ರಕಾರ ಸರಿಯಾದ ಶೂ ಕೂಡ ಕೆಲವೊಮ್ಮೆ ಹೊಂದುವುದಿಲ್ಲ. ಸವೆದು ಗೀರುಬಿದ್ದ ಡ್ರಮ್ಮನ್ನು ಲೇತಿನಲ್ಲಿ ಕಡೆಸಿದಾಗ ಅದರ ಒಳವ್ಯಾಸ ಹಿಗ್ಗುವುದರಿಂದ, ಹೊಸ ಶೂ ನಡುವಿನಲ್ಲಷ್ಟೇ ತಗಲಿ ಎರಡೂ ತುದಿಗಳಲ್ಲಿ ಸಂದು ಉಳಿಯುತ್ತದೆ. ಆಗ ದಪ್ಪ ಲೈನಿಂಗ್ ಹಾಕಿಸಿ ಡ್ರಮ್ಮಿನ ಬಾಗಿಗೆ ತಕ್ಕಂತೆ ಉಜ್ಜಿಸಬೇಕು. ಡ್ರಮ್ ತನ್ನ ಗರಿಷ್ಠ ವ್ಯಾಸವನ್ನು ದಾಟಿದ್ದರೆ ಅದನ್ನೇ ಬದಲಾಯಿಸದೆ ಗತ್ಯಂತರವಿಲ್ಲ.