ಕಲೋನ್ ನಗರದ ಕೆಟ್ಟ ಪಿಯಾನೊ

1975ರ ಜನವರಿ 24, ಶುಕ್ರವಾರ. ಜರ್ಮನಿಯ ಕಲೋನ್ ನಗರದ ಆಪೆರಾ ಭವನದಲ್ಲಿ ಅಂದು ರಾತ್ರಿ ಹನ್ನೊಂದೂವರೆಗೆ ಒಂದು ಜಾಝ್ ಕಚೇರಿ ಏರ್ಪಾಡಾಗಿತ್ತು. ಅಷ್ಟು ತಡವೇಕೆಂದರೆ, ಸಂಜೆಗೆ ಅಲ್ಲಿ ಆಪೆರಾ ಪ್ರದರ್ಶನವಿತ್ತು. ಅದು ಮುಗಿದ ಮೇಲಷ್ಟೇ ಜಾಝ್‌ಗೆ ಜಾಗ. ಆ ಭವನದಲ್ಲಿ ಅದೇ ಮೊದಲ ಜಾಝ್ ಕಚೇರಿ. ಏರ್ಪಾಡು ಮಾಡಿದಾಕೆ ವೇರಾ ಬ್ರಾಂಡೆಸ್. ಆಗ ಆಕೆಯ ವಯಸ್ಸು 18. ನಮ್ಮಲ್ಲಾದರೆ ಪಿ.ಯು. ಮುಗಿಸಿ ಸಿಇಟಿ ಫಲಿತಾಂಶಕ್ಕೆ ಕಾಯುವ ವಯಸ್ಸು. 1,400ರಷ್ಟು ಟಿಕೆಟುಗಳೆಲ್ಲ ಮಾರಾಟವಾಗಿದ್ದವು.

ನುಡಿಸಬೇಕಾಗಿದ್ದವರು ಅಮೆರಿಕದ ಕೀತ್ ಜ್ಯಾರೆಟ್, 29ರ ಹರೆಯದವರು. ಸ್ವಿಟ್ಜರ್ಲೆಂಡಿನಿಂದ ಕಾರಿನಲ್ಲಿ ಬಂದಿಳಿದಾಗ ಅವರಿಗೆ ಸರಿಯಾದ ನಿದ್ದೆ ಇರಲಿಲ್ಲ. ಬೆನ್ನುನೋವಿಗೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದರು. ಅವರು ಕೇಳಿದ್ದು ಬೋಸೆನ್‌ಡಾರ್ಫರ್ ಇಂಪೀರಿಯಲ್ ಎಂಬ ದೊಡ್ಡ ಪಿಯಾನೊ. ವೇದಿಕೆಯ ಮೇಲಿದ್ದದ್ದು ಅದೇ ಕಂಪನಿಯ ಚಿಕ್ಕ ಪಿಯಾನೊ. ಕಲಾವಿದರ ಅಭ್ಯಾಸಕ್ಕೆಂದು ಒಳಗೆ ಇರಿಸಿದ್ದ ಅದನ್ನೇ ಸಿಬ್ಬಂದಿ ತಪ್ಪು ತಿಳಿದು ತಂದಿಟ್ಟಿದ್ದರು. ಅದರ ಕೆಳಸ್ವರಗಳಿಗೆ ಬಲವಿಲ್ಲ, ಮೇಲಿನ ಸ್ವರಗಳು ತೆಳು, ಕಾಲಿನ ಪೆಡಲ್‌ಗಳೂ ಸರಿಯಿಲ್ಲ. ಜ್ಯಾರೆಟ್ ನುಡಿಸುವುದಿಲ್ಲ ಎಂದುಬಿಟ್ಟರು.

ಬೇರೆ ಪಿಯಾನೊ ತರಿಸಲು ವೇರಾ ಹೊರಟಳು. ಶ್ರುತಿ ಮಾಡಲು ಬಂದವರು ತಡೆದರು. ಹೊರಗೆ ಮಳೆ, ಚಳಿ. ಸರಿಯಾದ ಸಲಕರಣೆಯಿಲ್ಲದೆ ಸಾಗಿಸಿದರೆ ಆ ವಾದ್ಯ ಮತ್ತೆ ಸರಿಹೋಗದಂತೆ ಕೆಡುತ್ತದೆ ಎಂದರು. ಕೊನೆಗೆ ಇದ್ದುದನ್ನೇ ಗಂಟೆಗಟ್ಟಲೆ ಕೂತು ರಿಪೇರಿ ಮಾಡಲಾಯಿತು. ಹುಡುಗಿ ಜ್ಯಾರೆಟ್ ಅವರನ್ನು ಹೇಗೋ ಒಪ್ಪಿಸಿದಳು.

ಜಾಝ್ ಎಂದರೆ ಬರೀ ಗದ್ದಲ ಎಂದು ತಿಳಿದ ಪೋಷಕರು ಇದ್ದಾರೆ. ಅದು ಅಮೆರಿಕದ ಕರಿಯ ಜನಾಂಗದವರ ನಡುವೆ ಹುಟ್ಟಿ, ನ್ಯೂ ಆರ್ಲಿಯನ್ಸ್ ನಗರದಲ್ಲಿ ಬೆಳೆದ ಸಂಗೀತ. ನಾವು ಮನೋಧರ್ಮ ಎನ್ನುತ್ತೇವಲ್ಲ, ಅಂಥದ್ದೇ ಅದರ ಜೀವ. ಸಾಮಾನ್ಯವಾಗಿ ಗೊತ್ತಿರುವ ಒಂದು ಹಾಡನ್ನು ಹಿಡಿದು ಅದರ ಮೇಲೆ ಹೊಸದನ್ನು ಕಟ್ಟುತ್ತಾರೆ. ಜ್ಯಾರೆಟ್ ಆ ವರ್ಷಗಳಲ್ಲಿ ಅದನ್ನೂ ಬಿಟ್ಟಿದ್ದರು. ಒಬ್ಬರೇ, ಯಾವ ಸಿದ್ಧ ಕೃತಿಯೂ ಇಲ್ಲದೆ, ವೇದಿಕೆಗೆ ಬಂದು ಕೂತು ಒಂದು ಗಂಟೆಗೂ ಹೆಚ್ಚು ಕಾಲ ಹೊಸದಾಗಿ ನುಡಿಸುವುದು. ಹಾಗಿರುವಾಗ ಎದುರಿಗಿರುವ ವಾದ್ಯವೇ ಸರಿಯಿಲ್ಲದಿದ್ದರೆ?

ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ಮೇಷ್ಟರ ಚಾಳಿ ಎಂದು ಓದುಗರು ಕ್ಷಮಿಸಬೇಕು. ಪಿಯಾನೊ ನೋಡಲು ಹಾರ್ಮೋನಿಯಂನ ದೊಡ್ಡಣ್ಣನಂತಿದ್ದರೂ ಒಳಗೆ ಗಾಳಿಯ ಕೆಲಸವಿಲ್ಲ. ಅದು ತಂತಿವಾದ್ಯ. ಕೀಲಿ ಒತ್ತಿದರೆ ಉಣ್ಣೆಯ ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ತಂತಿಯ ಸದ್ದು ತಾನಾಗಿ ಬಹಳ ಸಣ್ಣದು. ಅದರ ಕಂಪನವನ್ನು ಒಂದು ಅಗಲವಾದ ಮರದ ಹಲಗೆ ಗಾಳಿಗೆ ದಾಟಿಸುತ್ತದೆ. ವೀಣೆಯ ಕೊಡ ಮಾಡುವ ಕೆಲಸವೇ ಅದು.

ತಂತಿಯ ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟಾಗುತ್ತದೆ ಎಂದು ತರಗತಿಯಲ್ಲಿ ಓದುತ್ತೇವೆ. ಸಾಮಾನ್ಯ ಪಿಯಾನೊದಲ್ಲಿ 88 ಕೀಲಿಗಳು. ಕೆಳತುದಿಯ ಸ್ವರ 27.5 ಹರ್ಟ್ಸ್, ಮೇಲ್ತುದಿಯದು ಸುಮಾರು 4186 ಹರ್ಟ್ಸ್. ಭಾಗಿಸಿ ನೋಡಿ: 152 ಪಟ್ಟು. ಅಂದರೆ ಒಂದೇ ಬಗೆಯ ತಂತಿ, ಒಂದೇ ಬಿಗಿ ಎಂದುಕೊಂಡರೆ, ಅತಿ ಮೇಲಿನ ತಂತಿ 5 ಸೆಂ.ಮೀ. ಇದ್ದಾಗ ಅತಿ ಕೆಳಗಿನದು ಏಳೂವರೆ ಮೀಟರಿಗೂ ಉದ್ದವಿರಬೇಕು! ಅಂಥ ಪಿಯಾನೊ ಯಾರ ಮನೆಯ ಪಡಸಾಲೆಯಲ್ಲಿ ಹಿಡಿದೀತು? ಅದಕ್ಕೇ ಕೆಳಸ್ವರದ ತಂತಿಗಳಿಗೆ ತಾಮ್ರದ ತಂತಿ ಸುತ್ತಿ ಭಾರ ಹೆಚ್ಚಿಸುತ್ತಾರೆ. ಭಾರ ಹೆಚ್ಚಿದರೆ ಆವೃತ್ತಿ ತಗ್ಗುತ್ತದೆ. ಆದರೆ ಈ ಉಪಾಯಕ್ಕೆ ಮಿತಿಯಿದೆ. ಗಿಡ್ಡವೂ ದಪ್ಪವೂ ಆದ ತಂತಿ ತಂತಿಯಂತೆ ಬಳುಕದೆ ಸರಳಿನಂತೆ ಸೆಟೆಯುತ್ತದೆ. ಮೂಲಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳು ಲೆಕ್ಕ ತಪ್ಪುತ್ತವೆ. ಕಿವಿಗೆ ಮಂಕಾಗಿ ಕೇಳುತ್ತದೆ. ಹಲಗೆ ಚಿಕ್ಕದಾದರೆ ತಗ್ಗಿನ ಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ಅದು ಅಲುಗಿಸಲಾರದು.

ಜ್ಯಾರೆಟ್ ಕೇಳಿದ್ದ ಇಂಪೀರಿಯಲ್‌ನ ಉದ್ದ 290 ಸೆಂ.ಮೀ., ಕೀಲಿಗಳು 97. ಅದರ ತೀರ ಕೆಳಗಿನ ಸ್ವರ ಸುಮಾರು 16 ಹರ್ಟ್ಸ್, ನಮ್ಮ ಕಿವಿಯ ಮಿತಿಯಾದ 20 ಹರ್ಟ್ಸ್‌ಗಿಂತಲೂ ಕೆಳಗೆ. ಬೇಕಾದದ್ದು ಅಂಥದ್ದು, ಸಿಕ್ಕಿದ್ದು ಇಂಥದ್ದು.

ಆ ರಾತ್ರಿ ಅವರು ಮಾಡಿದ್ದೇನು? ಮೊದಲ ಕೆಲವು ಸ್ವರಗಳೇ ತಮಾಷೆಯವು. ಪ್ರೇಕ್ಷಕರನ್ನು ಒಳಕರೆಯಲು ಆಪೆರಾ ಭವನದಲ್ಲಿ ಬಾರಿಸುತ್ತಿದ್ದ ಗಂಟೆಯ ಸ್ವರಗಳನ್ನೇ ಎತ್ತಿಕೊಂಡರು. ಸಭೆಯಲ್ಲಿ ಕೆಲವರು ನಕ್ಕದ್ದು ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ. ಆಮೇಲೆ ಹೆಚ್ಚಾಗಿ ಪಿಯಾನೊದ ನಡುಭಾಗದಲ್ಲೇ ನಿಂತರು, ಏಕೆಂದರೆ ಅಲ್ಲಿ ಮಾತ್ರ ಸ್ವರ ದುಂಡಗಿತ್ತು. ಎಡಗೈ ಒಂದೇ ಓಟದ ಗುಚ್ಛವನ್ನು ಮತ್ತೆ ಮತ್ತೆ ಉರುಳಿಸುತ್ತದೆ. ಕೆಳಸ್ವರ ಒಮ್ಮೆ ಬಡಿದರೆ ನಿಲ್ಲುವುದಿಲ್ಲ. ಅದು ಸಾಯುವ ಮುನ್ನ ಮತ್ತೆ ಬಡಿದರೆ ನಿಂತಂತೆ ಕೇಳುತ್ತದೆ. ಮೊದಲ ಭಾಗದಲ್ಲಿ ಸುಮಾರು 12 ನಿಮಿಷ ಬರೀ ಎರಡು ಸ್ವರಮೇಳಗಳ ನಡುವೆ ಓಡಾಡುತ್ತಾರೆ. ಬೇಸರ ಬರುವುದಿಲ್ಲ. ನಡುನಡುವೆ ಅವರ ಮುಲುಗು, ಕಾಲು ಕುಟ್ಟುವ ಸದ್ದು ಕೇಳಿಸುತ್ತದೆ. ಮೊದಲ ಸಲ ಕೇಳುವವರು ಗಾಬರಿಯಾಗಬೇಕಿಲ್ಲ.

ಇದನ್ನು ಇಸಿಎಂ ಸಂಸ್ಥೆಗಾಗಿ ಮಾರ್ಟಿನ್ ವೀಲಾಂಡ್ ಧ್ವನಿಮುದ್ರಿಸಿದರು. (ಮುಂದೆ 1983ರಲ್ಲಿ ಇದೇ ಸಂಸ್ಥೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ನುಡಿಸಿದ 'ಜ್ಯೋತಿ'ಯನ್ನು ಧ್ವನಿಮುದ್ರಿಸಿತು. ಆರ್.ಎ. ರಮಾಮಣಿ ಅವರ ಗಾಯನ ಅದರಲ್ಲಿದೆ.) 'ಕಲೋನ್ ಕನ್ಸರ್ಟ್' ಎಂಬ ಈ ಜೋಡಿ ತಟ್ಟೆ 35 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದೆ. ಒಬ್ಬರೇ ನುಡಿಸಿದ ಪಿಯಾನೊ ಮುದ್ರಿಕೆಗಳಲ್ಲಿ ಇಷ್ಟು ಹೋದದ್ದು ಬೇರೊಂದಿಲ್ಲ. ಸ್ವರಲಿಪಿ ಅಚ್ಚಾಗಲು ಜ್ಯಾರೆಟ್ ಬಹುಕಾಲ ಒಪ್ಪಿರಲಿಲ್ಲ. 1991ರಲ್ಲಿ ಒಪ್ಪಿದರೂ, ಕಲಿಯುವವರು ಕೊನೆಗೆ ನಂಬಬೇಕಾದದ್ದು ಕಾಗದವನ್ನಲ್ಲ, ಧ್ವನಿಮುದ್ರಣವನ್ನು ಎಂದರು.

ಈ ಕಥೆ ಹೇಳುವವರು ಬಹುಮಂದಿ 'ಕೊರತೆಯೇ ವರವಾಯಿತು' ಎಂದು ಮುಗಿಸುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ನನ್ನ ಪಾಲಿಗೆ ಬಂದದ್ದು ತುಕ್ಕು ಹಿಡಿದ ತಂತಿಯ ಸೋನೋಮೀಟರ್. ಶ್ರುತಿಕವೆ ಇಟ್ಟರೆ ಕಾಗದದ ಚೂರು ಹಾರಬೇಕಾದಲ್ಲಿ ಹಾರದು. ಅರ್ಧ ಗಂಟೆ ಸಿಟ್ಟಿನಲ್ಲೇ ಕಳೆದೆ. ಪಕ್ಕದ ಮೇಜಿನ ಗೆಳೆಯನಿಗೂ ಅಂಥದ್ದೇ ಸಿಕ್ಕಿತ್ತು. ಆತ ತಂಬೂರಿಯ ಕುದುರೆಯಂಥ ಆ ಎರಡು ಮರದ ಬ್ರಿಜ್‌ಗಳನ್ನು ತಂತಿಯ ತುಕ್ಕಿಲ್ಲದ ತುಂಡಿಗೆ ಸರಿಸಿಕೊಂಡು, ಹೆಚ್ಚಿನ ಆವೃತ್ತಿಯ ಕವೆಗಳನ್ನು ಮಾತ್ರ ಕೇಳಿ ಪಡೆದು ಅಳತೆ ಮುಗಿಸಿದ. ವರ್ಷವಿಡೀ ಪ್ರಯೋಗಾಲಯದಲ್ಲಿ ನನಗಿಂತ ಹೆಚ್ಚು ಹೊತ್ತು ಕಳೆದವನು ಅವನು. ಕೆಟ್ಟ ತಂತಿ ನಮ್ಮಿಬ್ಬರಿಗೂ ಒಂದೇ ಇತ್ತು.

ಜ್ಯಾರೆಟ್ ಮೂರು ತುಂಬುವ ಮೊದಲೇ ಪಿಯಾನೊ ಮುಟ್ಟಿದವರು, ಏಳರಲ್ಲಿ ಕಚೇರಿ ಕೊಟ್ಟವರು. 1970-71ರಲ್ಲಿ ಮೈಲ್ಸ್ ಡೇವಿಸ್ ತಂಡದಲ್ಲಿದ್ದಾಗ ತಮಗೆ ಸೇರದ ವಿದ್ಯುತ್ ಆರ್ಗನ್‌ಗಳನ್ನು ನುಡಿಸಿದವರು. ಇಷ್ಟೆಲ್ಲ ಬೆನ್ನಿಗಿದ್ದದ್ದರಿಂದ ಕಲೋನ್‌ನಲ್ಲಿ ಅರ್ಧ ಪಿಯಾನೊ ಸಾಕಾಯಿತು. ಆದ್ದರಿಂದ ಶಾಲೆಗೆ ಒಳ್ಳೆಯ ಉಪಕರಣ ಕೇಳುವುದನ್ನು ಪೋಷಕರು ಬಿಡಬಾರದು.

ವೇರಾಳ ಕಥೆ 2025ರಲ್ಲಿ 'ಕಲೋನ್ 75' ಎಂಬ ಚಲನಚಿತ್ರವಾಗಿ ಬಂದಿದೆ. ಜ್ಯಾರೆಟ್ ಅವರಿಗೆ 2018ರಲ್ಲಿ ಎರಡು ಬಾರಿ ಪಾರ್ಶ್ವವಾಯು ಬಡಿಯಿತು. 2020ರಲ್ಲಷ್ಟೇ ಅದು ಜಗತ್ತಿಗೆ ತಿಳಿದದ್ದು. ಎಡಭಾಗ ಸೋತಿದೆ, ಎಡಗೈಯಲ್ಲಿ ಇನ್ನು ನುಡಿಸಲಾರರು. ಈ ಧ್ವನಿಮುದ್ರಣದ ಮೊದಲ ಭಾಗ 26 ನಿಮಿಷ. ಮಕ್ಕಳೊಂದಿಗೆ ಕೂತು ಒಮ್ಮೆ ಪೂರ್ತಿ ಕೇಳಿ. ಎರಡನೆಯ ಸಲ ಎಡಗೈಯನ್ನು ಮಾತ್ರ ಕೇಳಿ.