ಚರ್ಮವು ಹೇಳುವ ಒಳಗಿನ ಸುದ್ದಿ

1897ನೆಯ ಇಸವಿ. ಜರ್ಮನಿಯ ಡಾರ್ಟ್‌ಮುಂಡ್ ನಗರದ ಚರ್ಮವೈದ್ಯ ಯೋಹಾನೆಸ್ ಫಾಬ್ರಿಯವರ ಬಳಿಗೆ 13 ವರ್ಷದ ಬಾಲಕನೊಬ್ಬನು ಚಿಕಿತ್ಸೆಗೆ ಬಂದನು. ಅವನ ಮೈಮೇಲೆ ಕಡುಗೆಂಪಾದ ಸಣ್ಣ ಚುಕ್ಕೆಗಳು ಗುಂಪುಗುಂಪಾಗಿ ಎದ್ದಿದ್ದವು. ಅದೇ ಕಾಲಕ್ಕೆ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆಂಡರ್ಸನ್ನರು 39 ವರ್ಷದ ಗೃಹಸ್ಥರೊಬ್ಬರಲ್ಲಿ ಅಂಥವೇ ಚುಕ್ಕೆಗಳನ್ನು ಕಂಡರು. ಒಬ್ಬರ ಸಂಗತಿ ಇನ್ನೊಬ್ಬರಿಗೆ ತಿಳಿಯದು. ಆದರೂ 1898ರಲ್ಲಿ ಇಬ್ಬರ ವರದಿಗಳೂ ಬೆಳಕು ಕಂಡವು. ರೋಗಿಯ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದುದನ್ನು ಗಮನಿಸಿದ ಆಂಡರ್ಸನ್ನರು, ಚರ್ಮದಲ್ಲಿ ಕೆಟ್ಟ ರಕ್ತನಾಳಗಳು ಮೂತ್ರಪಿಂಡದಲ್ಲಿಯೂ ಕೆಟ್ಟಿರಬಹುದೆಂದು ಶಂಕಿಸಿದರು. ಆ ಶಂಕೆಯು ನಿಜವೆಂದು ತಿಳಿಯಲು ಅರ್ಧ ಶತಮಾನ ಹಿಡಿಯಿತು. ಇಂದು 'ಫಾಬ್ರಿ ರೋಗ'ವೆಂದು ಕರೆಯುವ ವಿರಳ ವ್ಯಾಧಿ ಇದೇ.

ಒಳಗೆ ನಡೆಯುವುದೇನು?

ಜೀವಕೋಶಗಳಲ್ಲಿನ ಒಂದು ಬಗೆಯ ಕೊಬ್ಬನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಹುಟ್ಟಿನಿಂದಲೇ ಅದರ ಕೊರತೆಯುಳ್ಳವರಲ್ಲಿ ಆ ಕೊಬ್ಬು, ಹೂಳೆತ್ತದ ಕಾಲುವೆಯಲ್ಲಿ ಕೆಸರು ತುಂಬಿದಂತೆ, ರಕ್ತನಾಳಗಳ ಗೋಡೆಗಳಲ್ಲಿ ಶೇಖರವಾಗುತ್ತದೆ. ಈ ಶೇಖರಣೆಯ ಕುರುಹನ್ನು 1947ರಲ್ಲಿ ಹಾಲೆಂಡಿನ ವೈದ್ಯರು ಶವಪರೀಕ್ಷೆಯಿಂದ ಕಂಡರು. ಕಿಣ್ವದ ಕೊರತೆಯನ್ನು 1967ರಲ್ಲಿ ಅಮೆರಿಕದ ರೋಸ್ಕೋ ಬ್ರೇಡಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಚರ್ಮದಲ್ಲಿ ದುರ್ಬಲವಾದ ನಾಳಗಳು ಹಿಗ್ಗಿ ಚುಕ್ಕೆಗಳಾಗಿ ಕಾಣುತ್ತವೆ. ಮೂತ್ರಪಿಂಡ, ಹೃದಯ, ಮೆದುಳುಗಳಲ್ಲಿ ಹಾನಿಯು ಕಣ್ಣಿಗೆ ಬೀಳದೆ ಬೆಳೆಯುತ್ತದೆ.

ಮರೆಯಲ್ಲಿರುವ ಗುರುತು

ಈ ಚುಕ್ಕೆಗಳು ಬಾಲ್ಯದಲ್ಲೋ ಹರೆಯದಲ್ಲೋ, ಬಹುವಾಗಿ ಹೊಕ್ಕುಳಿಗೂ ಮೊಣಕಾಲಿಗೂ ನಡುವೆ, ಉಡುಪಿನ ಮರೆಯಲ್ಲಿ ಮೂಡುತ್ತವೆ. ಅವುಗಳಿಂದ ನೋವಿಲ್ಲ, ಆದುದರಿಂದ ಸಂಕೋಚವೇ ಗೆಲ್ಲುತ್ತದೆ. ನೋವಿರುವುದು ಅಂಗೈ ಅಂಗಾಲುಗಳಲ್ಲಿ. ಜ್ವರ ಬಂದಾಗ, ಬಿಸಿಲಿನಲ್ಲಿ ಆಡಿದಾಗ, ಅವು ಬೆಂಕಿ ತಗುಲಿದಂತೆ ಉರಿಯುತ್ತವೆ. ಬೆವರು ಸರಿಯಾಗಿ ಬಾರದೆ ಮೈ ಕಾಯುತ್ತದೆ. ಆಟಕ್ಕೂ ಕವಾಯತಿಗೂ ಹಿಂಜರಿಯುವ ಮಗುವನ್ನು ಶಾಲೆಯಲ್ಲಿ ಸೋಮಾರಿಯೆನ್ನುತ್ತಾರೆ. ಮನೆಯಲ್ಲಿ ನೆಪ ಹೂಡುತ್ತದೆಯೆನ್ನುತ್ತಾರೆ. ಹೀಗೆ ಕಳೆದ ವರ್ಷಗಳ ಬೆಲೆಯನ್ನು ಮೂತ್ರಪಿಂಡಗಳೂ ಹೃದಯವೂ ತೆರಬೇಕಾಗುತ್ತದೆ. ಕೆಲವರಿಗೆ ಪಾರ್ಶ್ವವಾಯುವೂ ಬಡಿಯುತ್ತದೆ.

ಈ ರೋಗವು ವಂಶಪಾರಂಪರ್ಯವಾದುದು. ದೋಷವುಳ್ಳ ತಂದೆಯಿಂದ ಅದು ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತದೆ, ಗಂಡುಮಕ್ಕಳಿಗೆ ಬಾರದು. ತಾಯಿಯಿಂದಾದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವವುಂಟು. ಸ್ತ್ರೀಯರು ಕೇವಲ ವಾಹಕರೆಂಬ ಹಿಂದಿನ ನಂಬಿಕೆ ತಪ್ಪೆಂದು ಈಗ ತಿಳಿದಿದೆ. ಒಬ್ಬರಲ್ಲಿ ರೋಗ ಪತ್ತೆಯಾದರೆ ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

2001ರಲ್ಲಿ ಯೂರೋಪಿನಲ್ಲಿ, ಕೊರತೆಯ ಕಿಣ್ವವನ್ನೇ ರಕ್ತನಾಳದ ಮೂಲಕ ಎರಡು ವಾರಗಳಿಗೊಮ್ಮೆ ಕೊಡುವ ಚಿಕಿತ್ಸೆಗೆ ಅನುಮತಿ ದೊರೆಯಿತು. ಕೆಟ್ಟುಹೋದ ಅಂಗವನ್ನು ಅದು ಮರಳಿ ತಾರದು. ಬೇಗನೆ ಆರಂಭಿಸಿದಷ್ಟೂ ಫಲ ಹೆಚ್ಚು. ವೆಚ್ಚವೋ ಅಪಾರ, ಚಿಕಿತ್ಸೆ ಜೀವಮಾನಪರ್ಯಂತ. ಭಾರತ ಸರ್ಕಾರದ 2021ರ ವಿರಳ ರೋಗಗಳ ನೀತಿಯಲ್ಲಿ ಫಾಬ್ರಿ ರೋಗವೂ ಸೇರಿದೆ. 2022ರಲ್ಲಿ ನೆರವಿನ ಮಿತಿಯನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು.

ಕೆಂಪು ಚುಕ್ಕೆ ಕಂಡೊಡನೆ ಹೆದರಬೇಕಾದುದಿಲ್ಲ. ವಯಸ್ಸಾದವರ ಮೈಮೇಲೆ ನಿರಪಾಯಕರವಾದ ಕೆಂಪು ಚುಕ್ಕೆಗಳು ಏಳುವುದು ಸಾಮಾನ್ಯ. ಆದರೆ ನಡುವಿನ ಸುತ್ತ ಚುಕ್ಕೆ, ಅಂಗಾಲಿನಲ್ಲಿ ಉರಿ, ಬಾರದ ಬೆವರು, ಈ ಮೂರೂ ಒಂದೇ ಮಗುವಿನಲ್ಲಿ ಕಂಡುಬಂದರೆ, ಸಂಕೋಚವನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಬೇಕು. ಮಗುವಿನ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.